ಅಗ್ಲಾಯಾ ಸುಳ್ಳು ಸಾವಿಗೆ ಗಂಟೆ ಹೊಡೆಸಿದ್ದು

ಬೆಟ್ಟದ ಮೇಲಿನ ನುಚೆತು ಊರಿನಲ್ಲಿ ಮದುವೆ ಊಟಕ್ಕೆ ಕೂತವರು ತಟ್ಟೆಗೆ ಕೈ ಹಾಕುವ ಮೊದಲು ಒಮ್ಮೆ ಬಾಗಿಲ ಕಡೆ ನೋಡುತ್ತಾರೆ. ನರ್ಸ್ ಅಗ್ಲಾಯಾ ಬಂದಿದ್ದಾಳೋ ಇಲ್ಲವೋ ತಿಳಿಯಬೇಕಲ್ಲ. ಬಂದಿದ್ದರೆ ಹೊಗೆ ಹಿಡಿಸಿದ ಹಂದಿಮಾಂಸ ಮೇಜಿನ ಕೆಳಕ್ಕೆ ಹೋಗುತ್ತದೆ, ಉಪ್ಪು ಚೀಸಿನ ತಟ್ಟೆ ಪಕ್ಕದವನ ಮುಂದಕ್ಕೆ ಜಾರುತ್ತದೆ, ಇಡೀ ಪಂಕ್ತಿ ಹಸುಗಳ ಹಾಗೆ ಸೌತೆಕಾಯಿ ಅಗಿಯತೊಡಗುತ್ತದೆ. ಬೇರೆ ಹೆಂಗಸರು ಕೈಚೀಲದಲ್ಲಿ ಬಾಚಣಿಗೆ ಇಟ್ಟುಕೊಂಡರೆ ಅಗ್ಲಾಯಾ ಬಿಪಿ ನೋಡುವ ಯಂತ್ರ ಇಟ್ಟುಕೊಂಡಿರುತ್ತಾಳೆ. ನಾಮಕರಣವಾಗಲಿ, ದ್ರಾಕ್ಷಿ ಕೊಯ್ಲಾಗಲಿ, ಎದುರು ಸಿಕ್ಕವರಿಗೆ ಅವಳ ನಮಸ್ಕಾರವೇ "ಎಲ್ಲಿ, ತೋಳು ಕೊಡು" ಎನ್ನುವುದು. ಇವಳು ಸ್ವರ್ಗದ ಬಾಗಿಲಿಗೆ ಹೋದರೆ ಬೀಗದ ಕೈ ಹಿಡಿದು ನಿಂತ ಸಂತ ಪೇತ್ರನಿಗೂ, "ಇಷ್ಟು ಕಾಲದಿಂದ ನಿಂತೇ ಇದ್ದೀಯಲ್ಲಪ್ಪಾ, ಕಾಲು ಊದಿರುತ್ತೆ, ತೋರಿಸು" ಎನ್ನುತ್ತಾಳೆ ಎಂದು ಊರಿನವರು ಆಡಿಕೊಳ್ಳುತ್ತಾರೆ. ಆಡಿಕೊಂಡರೂ ಕರೆಯುವುದು ಮಾತ್ರ 'ಸೋರಾ' ಎಂದು, ಅಂದರೆ ಅಕ್ಕ. ಹಲ್ಲು ಬಾರದ ಕೂಸಿಗೂ ಅಕ್ಕ, ಹಲ್ಲು ಹೋದ ಅಜ್ಜಿಗೂ ಅಕ್ಕ.

ಹುಟ್ಟಿದ್ದು ಈ ಬೆಟ್ಟದಲ್ಲಲ್ಲ. ಡ್ಯಾನ್ಯೂಬ್ ನದಿಯ ಬಯಲು ಅವಳ ತವರು. ಅಲ್ಲಿ ಸೂರ್ಯಕಾಂತಿ ಗಿಡಕ್ಕಿಂತ ಎತ್ತರದ್ದನ್ನು ಯಾರೂ ಕಂಡಿಲ್ಲ. ನರ್ಸಿಂಗ್ ಮುಗಿಸಿದ ಹುಡುಗಿಯನ್ನು ಒಂದು ಚಳಿಗಾಲದ ಮಟ್ಟಿಗೆ ಎಂದು ಇಲ್ಲಿಗೆ ಹಾಕಿದರು. ಮರ ಸಾಗಿಸುವ ಲಾರಿ ಹತ್ತಿ ಬಂದಳು. ಅವಳು ಬಂದ ಬೆನ್ನಿಗೇ ಹಿಮ ಬಿದ್ದು ದಾರಿ ಮುಚ್ಚಿತು. ಆ ಚಳಿಗಾಲದಲ್ಲಿ ಅವಳು ಕೆಲವು ಮಕ್ಕಳ ಹೆರಿಗೆ ಮಾಡಿಸಿದಳು, ಕೈಗೆ ಸಿಕ್ಕಿತೆಂದು ಒಂದು ಕರುವಿನ ಹೆರಿಗೆಯನ್ನೂ ಮಾಡಿಸಿದಳು, ಲಾರಿ ಓಡಿಸುವ ನಿಸ್ತೋರನ ಬೆರಳಿಗೆ ಹೊಲಿಗೆ ಹಾಕಿದಳು. ಬೆರಳು ವಾಸಿಯಾದ ಮೇಲೂ ಅವನು ದಿನಾ ಪಟ್ಟಿ ಬದಲಾಯಿಸಿಕೊಳ್ಳಲು ಬರುತ್ತಿದ್ದ. ವಸಂತದಲ್ಲಿ ದಾರಿ ತೆರೆದಾಗ ಲಾರಿ ಇಳಿಯಿತು, ಅಗ್ಲಾಯಾ ಇಳಿಯಲಿಲ್ಲ. ನಿಸ್ತೋರ್ ಈಗಲೂ ಲಾರಿ ಓಡಿಸುತ್ತಾನೆ, ಭಾನುವಾರಕ್ಕೊಮ್ಮೆ ಮನೆ ಸೇರುತ್ತಾನೆ, ಬಂದ ಕೂಡಲೇ ತೋಳು ಕೊಡುತ್ತಾನೆ.

ಊರಿನ ಆರೋಗ್ಯ ಉಪಕೇಂದ್ರವೆಂದರೆ ಹಿಂದೆ ಚೀಸು ತುಂಬಿಡುತ್ತಿದ್ದ ಎರಡು ಕೋಣೆ. ಸೆಕೆ ಏರಿದ ದಿನ ಗೋಡೆಗಳು ಇನ್ನೂ ಕುರಿಹಾಲಿನ ವಾಸನೆ ಬಿಡುತ್ತವೆ. ಔಷಧಿಗಿಂತ ಮೊದಲು ಹಸಿವು ಕೆರಳುತ್ತದೆ ಎಂದು ರೋಗಿಗಳ ದೂರು. ಡಾಕ್ಟರು ವಾರಕ್ಕೊಮ್ಮೆ, ಅದೂ ಅವರ ಕಾರು ಒಪ್ಪಿದರೆ. ಉಳಿದಂತೆ ಅಗ್ಲಾಯಾ. ಹಿಮ ಬಿದ್ದಾಗ ಯಾರ ಮನೆಗೆ ಇನ್ಸುಲಿನ್ ಮುಟ್ಟಿಸಬೇಕು, ಯಾರ ಹೃದಯ ಮಲಗಿದಾಗ ಮುಷ್ಕರ ಹೂಡುತ್ತದೆ, ಯಾರು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಬೆಕ್ಕಿಗೆ ಹಾಕುತ್ತಾರೆ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು.

ಇಂಥ ಅಗ್ಲಾಯಾಳ ತಲೆಯ ಮೇಲೆ ಒಂದು ಬೇಸಗೆಯಲ್ಲಿ ಜಿಲ್ಲೆಯ ಆರೋಗ್ಯ ಕಚೇರಿಯಿಂದ ಆಜ್ಞೆ ಬಂದು ಬಿತ್ತು. ಈ ಬೆಟ್ಟಗಳ ಹೊಟ್ಟೆಯಲ್ಲಿ ಭೂಮಿಗೆ ಆಗಾಗ ಗುಡುಗುಡು. ತೂಗುದೀಪ ಅಲ್ಲಾಡುತ್ತದೆ, ಕಪಾಟಿನ ಲೋಟಗಳು ಹಲ್ಲು ಕಡಿಯುತ್ತವೆ, ಜನ "ಹೂಂ, ಮಗ್ಗುಲು ಬದಲಾಯಿಸ್ತು" ಎಂದು ಮತ್ತೆ ಚಮಚ ಎತ್ತುತ್ತಾರೆ. ಕಚೇರಿಗೆ ಈ ಧೈರ್ಯ ಹಿಡಿಸಲಿಲ್ಲ. ದೊಡ್ಡ ಕಂಪನ ಬಂದರೆ ಊರು ಹೇಗೆ ಎದ್ದು ನಿಲ್ಲುತ್ತದೆ ಎಂಬುದನ್ನು ಪ್ರತಿ ಉಪಕೇಂದ್ರದ ನರ್ಸೂ ಅಣಕು ಪ್ರದರ್ಶನ ಮಾಡಿ ತೋರಿಸಬೇಕು, ಇನ್‌ಸ್ಪೆಕ್ಟರ್ ತೆಲೆಮಾನ್ ಬಂದು ನೋಡುತ್ತಾರೆ. ತೋರಿಸಲಾಗದ ಊರಿನ ಉಪಕೇಂದ್ರ ಮುಚ್ಚಿ, ನರ್ಸನ್ನು ಕಣಿವೆಯ ಪ್ರುನಿಶ್ ಊರಿನ ದೊಡ್ಡ ಆರೋಗ್ಯ ಕೇಂದ್ರಕ್ಕೆ ಇಳಿಸಲಾಗುತ್ತದೆ.

ಪ್ರುನಿಶ್‌ನವರಂತೂ ಇವಳು ಬರುತ್ತಾಳೆಂದೇ ಕೋಣೆಗೆ ಸುಣ್ಣ ಹೊಡೆಸಿಬಿಟ್ಟಿದ್ದಾರಂತೆ ಎಂಬ ಸುದ್ದಿ ಬಂತು. ಅಗ್ಲಾಯಾಳ ಮಟ್ಟಿಗೆ ಭೂಕಂಪ ಅಂದೇ ಶುರುವಾಯಿತು. ಹಿಮ ಬಿದ್ದ ಮೇಲೆ ಕೆಳಗಿನಿಂದ ಮೇಲಕ್ಕೆ ಕಾಗೆಯೂ ಬರುವುದಿಲ್ಲ, ನರ್ಸು ಬಂದಾಳೆಯೇ? ಅವಳು ಇಳಿದರೆ ಮೊದಲ ಚಳಿಗಾಲಕ್ಕೇ ಯಾರು ಯಾರು ಉಳಿಯುವುದಿಲ್ಲ ಎಂಬುದು ಅವಳಿಗೆ ಹೆಸರು ಸಮೇತ ಗೊತ್ತಿತ್ತು.

ಮೊದಲ ಕೆಲಸ ಚೀಲ. ಪ್ರತಿ ಮನೆಯವರೂ ಬಾಗಿಲ ಬಳಿ ಒಂದು ತುರ್ತು ಚೀಲ ಕಟ್ಟಿಡಬೇಕು; ನೀರು, ಟಾರ್ಚು, ಮಾತ್ರೆ, ಬೆಚ್ಚನೆ ಬಟ್ಟೆ. ಚರ್ಚಿನ ಅಂಗಳದಲ್ಲಿ ಹೇಳಿದಳು, ಅಂಗಡಿಯ ಮುಂದೆ ಹೇಳಿದಳು, ಇಂಜೆಕ್ಷನ್ ಚುಚ್ಚುವಾಗ ಓಡಿಹೋಗಲಾಗದವರ ಕಿವಿಯಲ್ಲಿ ಹೇಳಿದಳು. ಒಂದು ವಾರ ಬಿಟ್ಟು ನೋಡಲು ಹೊರಟಳು. ಮೊದಲ ಮನೆ ಗ್ಲಿಕೇರಿಯಾ ಅಜ್ಜಿಯದು. ಊರಿನ ಹೆಂಗಸರಿಗೆಲ್ಲ ಈ ಅಜ್ಜಿಯೇ ಯಜಮಾನಿ. ಯಾವ ಮನೆಯಲ್ಲಿ ಸಾವಾದರೂ ಒಲೆ ಹೊತ್ತಿಸುವುದರಿಂದ ಹಿಡಿದು ಹೆಣದ ಮುಂದೆ ಹಾಡಿ ಅಳುವವರೆಗೆ ಅವಳ ಮಾತೇ ನಡೆಯಬೇಕು.

"ಅಜ್ಜಿ, ಚೀಲ ರೆಡಿ ಮಾಡ್ಕೊಂಡ್ರಾ?"

"ನೀನು ಹೇಳೋಕೆ ಮುಂಚಿಂದಾನೇ ರೆಡಿ ಇದೆ ಕಣೇ. ನನ್ನ ಗಂಡ ತೀರ್ಕೊಂಡ ವರ್ಷದಿಂದ."

ಅಗ್ಲಾಯಾಳ ಮುಖ ಅರಳಿತು. ಅಜ್ಜಿ ಪೆಟ್ಟಿಗೆ ತೆರೆದು ಒಂದು ಗಂಟನ್ನು ಕೂಸನ್ನೆತ್ತುವಂತೆ ಎತ್ತಿ ಹಾಸಿಗೆಯ ಮೇಲೆ ಬಿಚ್ಚಿದಳು. ಇಸ್ತ್ರಿ ಮಾಡಿದ ಕಪ್ಪು ಲಂಗ. ಕಸೂತಿಯ ಬಿಳಿ ರವಿಕೆ. ಮಣ್ಣು ಕಾಣದ ಹೊಸ ಶೂ. ಹೊರುವವರ ತೋಳಿಗೆ ಕಟ್ಟಲು ಟವೆಲುಗಳು. ಮೇಣದಬತ್ತಿಯ ಕಟ್ಟು. ಆಕಾಶದ ದಾರಿಯ ಸುಂಕದ ಕಟ್ಟೆಗಳಲ್ಲಿ ಕೊಡಲು ಕರವಸ್ತ್ರದ ಮೂಲೆಗೆ ಗಂಟು ಹಾಕಿದ ಚಿಲ್ಲರೆ. ಗುಂಡಿ ತೋಡುವವರಿಗೆಂದು ಒಂದು ಬಾಟಲಿ.

"ಅಜ್ಜಿ! ಇದು ಸತ್ತಾಗ ಉಡಿಸೋ ಬಟ್ಟೆ!"

"ಮತ್ತೆ? ಮನೆ ತಲೆ ಮೇಲೆ ಬಿದ್ರೆ ಕುಣಿಯೋಕೆ ಹೋಗೋ ಬಟ್ಟೆ ಉಡ್ಲಾ?"

"ನಾನು ಹೇಳಿದ್ದು ಬದುಕಿ ಉಳಿಯೋಕೆ ಬೇಕಾದ್ದು! ಬೆಳಕಿಗೆ ಟಾರ್ಚು..."

"ಮೇಣದಬತ್ತಿ ಇದೆಯಲ್ಲ."

"ಕುಡಿಯೋಕೆ..."

ಅಜ್ಜಿ ಬಾಟಲಿ ಎತ್ತಿ ತೋರಿಸಿದಳು.

"ಅದು ಪ್ಲಮ್ ಸಾರಾಯಿ!"

"ಗಂಟಲಲ್ಲಿ ಇಳಿಯುತ್ತೆ ತಾನೇ?"

"ಈ ಶೂ ಹಾಕ್ಕೊಂಡು ಓಡೋಕಾಗುತ್ತಾ ಹೇಳಿ?"

ಅಜ್ಜಿ ಯೋಚಿಸಿದಳು. "ಇಂಥಾ ಶೂ ಹಾಕಿಸ್ಕೊಂಡೋರು ಇದುವರೆಗೂ ಯಾರೂ ಓಡಿಲ್ಲ. ಅದು ನಿಜ."

"ಹೋಗ್ಲಿ, ಇದರ ಮೂಲೇಲೇ ನಿಮ್ಮ ಬಿಪಿ ಮಾತ್ರೆ ಇಟ್ಕೊಳ್ಳಿ."

"ಬಿಡ್ತು ಅನ್ನು! ಸಾಯೋ ಗಂಟಿನಲ್ಲಿ ಮಾತ್ರೆ ಇಟ್ರೆ ಮಾತ್ರೆ ನಿಯತ್ತಾಗಿ ಕೆಲಸ ಮಾಡುತ್ತಾ?"

ಎರಡನೇ ಮನೆಯಲ್ಲೂ ಅದೇ ಗಂಟು, ಮೂರನೇ ಮನೆಯಲ್ಲೂ ಅದೇ. ಒಬ್ಬಳಂತೂ ಶಿಲುಬೆಗೆ ಅಂಟಿಸಲು ತನ್ನ ಫೋಟೋ ತೆಗೆದಿಟ್ಟಿದ್ದಳು. ಹದಿಹರೆಯದ ಫೋಟೋ, ಆ ಲೋಕದಲ್ಲಿ ಗಂಡ ಗುರುತು ಹಿಡಿಯಬೇಕಲ್ಲ ಎಂದು ಅವಳ ವಾದ. ಸಾಯಲು ಇಷ್ಟು ಅಚ್ಚುಕಟ್ಟಾಗಿ ತಯಾರಾದ ಊರು ಭೂಮಿಯ ಮೇಲೆ ಇನ್ನೊಂದಿರಲಾರದು. ಬದುಕಲು ಮಾತ್ರ ಊರಿಡೀ ಹುಡುಕಿದರೂ ಒಂದು ಟಾರ್ಚು ಸಿಕ್ಕಿತು, ಅದರಲ್ಲಿ ಸೆಲ್ಲು ಇರಲಿಲ್ಲ.

ಎರಡನೆಯ ಕೆಲಸ ಸೈರನ್. ಕಚೇರಿಯವರು ಕೈಯಿಂದ ತಿರುಗಿಸುವ ಒಂದು ಸೈರನ್ ಕೊಟ್ಟಿದ್ದರು. ಒಂದು ಬೆಳಿಗ್ಗೆ ಅಗ್ಲಾಯಾ ರಸ್ತೆಯ ನಡುವೆ ನಿಂತು ಬೆವರಿಳಿಯುವಂತೆ ತಿರುಗಿಸಿದಳು. ಸದ್ದು ಕೇಳಿದ ಕೂಡಲೇ ಎಲ್ಲರೂ ಹೊರಗೋಡಿ ಬಂದು ಶಾಲೆಯ ಅಂಗಳದಲ್ಲಿ ಸೇರಬೇಕು ಎಂದು ಲೆಕ್ಕ. ನಾಯಿಗಳು ಸೇರಿದವು. ಬಾತುಗಳೂ ಬಂದವು. ಗಂಡಸರು ಬೇಲಿಯ ಮೇಲೆ ಮೊಣಕೈ ಊರಿ ನೋಡಿದರು.

"ಸೋರಾ, ಏನು ಮಾರ್ತಿದ್ದೀಯ?" ಎಂದ ಒಬ್ಬ.

ಹಳೇ ಕಬ್ಬಿಣ ಕೊಳ್ಳುವವರು ಮೈಕು ಕಟ್ಟಿದ ವ್ಯಾನಿನಲ್ಲಿ ಹೀಗೇ ಅರಚುತ್ತ ಬರುವುದುಂಟು. ಮೇಲಿನ ಬೀದಿಯ ಹೆಂಗಸೊಬ್ಬಳು ತುಕ್ಕು ಹಿಡಿದ ಒಲೆಯೊಂದನ್ನು ಗೇಟಿನವರೆಗೆ ಎಳೆದು ತಂದು ನಿಲ್ಲಿಸಿ, ವ್ಯಾನು ಕಾಣದೆ, "ಸೋರಾ, ನೀನೂ ಗುಜರಿ ವ್ಯಾಪಾರಕ್ಕೆ ಇಳಿದೆಯಾ? ಸಂಬಳ ಸಾಲಲ್ವಾ?" ಎಂದು ಕನಿಕರಪಟ್ಟಳು.

ಅಗ್ಲಾಯಾ ಸೈರನ್ನನ್ನು ಎಳೆಗೂಸಿನಂತೆ ಅವುಚಿಕೊಂಡು ನೇರ ಗ್ಲಿಕೇರಿಯಾ ಅಜ್ಜಿಯ ಅಡುಗೆಮನೆಗೆ ಹೋಗಿ ಕುಸಿದಳು. ಅಜ್ಜಿ ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದಳು.

"ಅಜ್ಜಿ, ಈ ಊರನ್ನ ಎಬ್ಬಿಸೋಕೆ ದೇವರಿಂದ್ಲೂ ಆಗಲ್ಲ. ನಾನು ಗಂಟು ಮೂಟೆ ಕಟ್ತೀನಿ. ನೀವೆಲ್ಲ ಆರಾಮಾಗಿರಿ."

"ಎಬ್ಬಿಸೋಕೆ ನಿನಗೆ ಬರಲ್ಲ ಅನ್ನು. ಯಾರೋ ಸತ್ತರು ಅಂತ ಹೇಳಿದ್ರೆ ಮುದ್ದೆ ಒಲೆ ಮೇಲೇ ಬಿಟ್ಟು ಬರ್ತಿದ್ವಿ."

ಅಗ್ಲಾಯಾ ನಕ್ಕಳು. ಆಮೇಲೆ ನಗುವುದನ್ನು ನಿಲ್ಲಿಸಿದಳು.

ಎಷ್ಟು ಸಾವು ಕಂಡಿದ್ದಳು ಈ ಊರಿನಲ್ಲಿ! ಚರ್ಚಿನ ಸಾವಿನ ಗಂಟೆ ಹೊಡೆದ ಕೂಡಲೇ ಎಲ್ಲರೂ ಗೇಟಿಗೆ ಬರುತ್ತಾರೆ. ಯಾರು ಗೇಟಿಗೆ ಬಂದಿಲ್ಲವೋ ಅವರ ಮನೆಗೆ ಪಕ್ಕದವರು ನುಗ್ಗುತ್ತಾರೆ, ಸತ್ತವನು ಅವನೇ ಇರಬಹುದಲ್ಲ! ಕೆಳಬೀದಿಯ ಹೆಂಗಸರು ಹಂಡೆ ಹೊರುತ್ತಾರೆ, ಮೇಲುಬೀದಿಯ ಗಂಡಸರು ಮೇಜು ಬೆಂಚು ಹೊರುತ್ತಾರೆ, ಹಾಸಿಗೆ ಹಿಡಿದವರ ಪಕ್ಕ ಯಾರು ಕೂರಬೇಕೆಂಬುದು ಅಜ್ಜಂದಿರ ಕಾಲದಿಂದ ಗೊತ್ತುಮಾಡಿದ್ದು. ಒಬ್ಬ ಫೋನು ಹಿಡಿದು ಸ್ಮಶಾನಕ್ಕೆ ಓಡುತ್ತಾನೆ. ನುಚೆತುವಿನಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ, ಈ ಊರಿನಲ್ಲಿ ಸತ್ತವರಿಗೆ ಮೊದಲಿನಿಂದಲೂ ಸೌಕರ್ಯ ಜಾಸ್ತಿ. ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಇರುವೆಗಳ ಹಾಗೆ ನಡೆದುಬಿಡುತ್ತದೆ.

"ಅಜ್ಜಿ," ಎಂದಳು ಅಗ್ಲಾಯಾ, "ಇನ್‌ಸ್ಪೆಕ್ಟರ್ ಬಂದ ದಿನ ಸಾವಿನ ಗಂಟೆ ಹೊಡೆಸೋಣ. ಸಾವಿಗೆ ಏನೇನು ಮಾಡ್ತೀರೋ ಅಷ್ಟೇ ಮಾಡಿ."

ಅಜ್ಜಿಯ ಕೈಯ ಕೋಲು ಮುದ್ದೆಯಲ್ಲೇ ನಿಂತಿತು. "ಸತ್ತಿದ್ದು ಯಾರು?"

"ಯಾರೂ ಇಲ್ಲ."

"ಖಾಲಿ ಗಂಟೆ ಹೊಡೀತೀಯಾ? ಹುಚ್ಚು ಹಿಡೀತಾ ನಿನಗೆ! ಆ ಗಂಟೆ ಹೊಡೆದ್ರೆ ಮೇಲೆ ಒಬ್ಬರಿಗೆ ಜಾಗ ತೆರೆದ ಹಾಗೆ. ಯಾರೂ ಹೋಗದಿದ್ರೆ ಅದು ತಾನೇ ಒಬ್ಬರನ್ನ ಕರ್ಕೊಳ್ಳುತ್ತೆ. ಹೆಣ ಇಲ್ಲದೆ ಗಂಟೆ ಇಲ್ಲ, ಅಷ್ಟೇ."

"ಹೆಣ ಎಲ್ಲಿಂದ ತರ್ಲಿ?"

"ನರ್ಸು ನೀನು, ನನ್ನ ಕೇಳ್ತೀಯಾ?"

ಕೊನೆಗೆ ಅಜ್ಜಿಯೇ ದಾರಿ ತೋರಿದಳು. ಒಬ್ಬರು ಸತ್ತಂತೆ ಮಲಗಿದರೂ ಸಾಕು, ಮೇಲಿನವರು ಅಷ್ಟು ಹತ್ತಿರದಿಂದ ನೋಡುವುದಿಲ್ಲ. ಆದರೆ ಮಲಗುವವರು ಯಾರು? ಊರಿನವರೆಲ್ಲ ಹಿಂದೆ ಸರಿದರು. ಮುಂದೆ ಬಂದವನು ಪಿಂತಿಲಿಯೆ, ಪೀಪಾಯಿ ಕಟ್ಟುವವನು. ಬೇಲಿಯ ವಿಷಯಕ್ಕೆ ಅವನು ಜಗಳವಾಡದ ಮನೆ ಇರಲಿಲ್ಲ. ತನ್ನ ಹೊಲಕ್ಕೆ ತಾಗದ ಬೇಲಿಗಳ ವಿಷಯದಲ್ಲೂ ಜಗಳವಾಡಿದ್ದ.

"ಅಳೋರು ಯಾರು?" ಎಂದು ಅವನು ಮೊದಲು ಕೇಳಿದ.

"ಗ್ಲಿಕೇರಿಯಾ ಅಜ್ಜಿ, ಮಾಮ."

"ಅವಳಾ? ನನ್ನ ತಮ್ಮನಿಗೆ ಅಳ್ತಾ ಅಳ್ತಾ ಅರ್ಧಕ್ಕೆ ಎದ್ದು ಕೋಳಿ ಓಡಿಸೋಕೆ ಹೋಗಿದ್ಲು. ಪೂರ್ತಿ ಅಳೋದಾದ್ರೆ ಒಪ್ಪಿಗೆ. ಬದುಕಿರೋವಾಗ ಒಬ್ರೂ ಒಳ್ಳೇ ಮಾತಾಡಿಲ್ಲ, ಸತ್ತಾದ್ರೂ ಕೇಳಿಸ್ಕೊಳ್ತೀನಿ."

"ನಾನು ಹೇಳೋವರೆಗೂ ನೀವು ಏಳಬಾರ್ದು ಮಾಮ. ಏನೇ ಆದ್ರೂ."

"ಸತ್ತೋರು ಎದ್ದದ್ದನ್ನ ನಾನೂ ನೋಡಿಲ್ಲ ಬಿಡು."

ಪಾದ್ರಿಯ ಒಪ್ಪಿಗೆಯೂ ಸಿಕ್ಕಿತು. ಮಂತ್ರ ಹೇಳುವುದಿಲ್ಲ, ಗಂಟೆ ಮಾತ್ರ ಕೊಡುತ್ತೇನೆ, ಮಲಗಿದ್ದಷ್ಟು ಹೊತ್ತು ಪಿಂತಿಲಿಯೆ ತನ್ನ ಪಾಪಗಳನ್ನು ನೆನೆಯುವುದಾದರೆ ಊರಿಗೇ ಲಾಭ ಎಂದರು ಅವರು.

ತೆಲೆಮಾನ್ ಸಾಹೇಬರು ಬಂದದ್ದು ದ್ರಾಕ್ಷಿ ಹಿಂಡುವ ಕಾಲದಲ್ಲಿ. ತೆಳ್ಳಗಿನ ಮನುಷ್ಯ, ಹೊಳೆಯುವ ಬೂಟು, ಕೊರಳಿಗೆ ಓಟದ ಪಂದ್ಯದಲ್ಲಿ ಹಿಡಿಯುವಂಥ ಗಡಿಯಾರ. ಶಾಲೆಯ ಅಂಗಳದಲ್ಲಿ ಪಿಂತಿಲಿಯೆ ಹೆಣ ಹೊರುವ ಚಟ್ಟದ ಮೇಲೆ ಕೈ ಜೋಡಿಸಿ ಮಲಗಿದ್ದ. ಅಣಕಾದರೂ ಅಂದವಾಗಿರಲಿ ಎಂದು ಮೀಸೆಗೆ ಎಣ್ಣೆ ಹಚ್ಚಿಕೊಂಡಿದ್ದ. ತಲೆಗೆ ಹಲಗೆ ಒತ್ತುತ್ತದೆ ಎಂದು ಗೊಣಗಿದ್ದಕ್ಕೆ ಹೆಂಗಸರು ಕೈಗೆ ಸಿಕ್ಕ ಯಾವುದೋ ಚೀಲವನ್ನು ತಲೆಯಡಿಗೆ ತುರುಕಿದ್ದರು.

"ಇವರು ಗಾಯಾಳು?" ಎಂದು ಕೇಳಿದರು ತೆಲೆಮಾನ್.

"ಹೆಚ್ಚುಕಮ್ಮಿ" ಎಂದಳು ಅಗ್ಲಾಯಾ.

ಗಂಟೆ ಮೊಳಗಿತು.

ಸಾಹೇಬರು ಗಡಿಯಾರ ಒತ್ತಿ ತಲೆ ಎತ್ತುವಷ್ಟರಲ್ಲಿ ಬೀದಿಗೆ ಜೀವ ಬಂದಿತ್ತು. ಗೇಟುಗಳು ದಡದಡ ತೆರೆದವು. ಗೇಟಿಗೆ ಬಾರದವರ ಮನೆಗೆ ಪಕ್ಕದವರು ನುಗ್ಗಿ, ಸ್ನಾನ ಮಾಡುತ್ತಿದ್ದ ಮೇಷ್ಟ್ರೊಬ್ಬರನ್ನು ಕಂಬಳಿ ಸುತ್ತಿ ಎತ್ತಿಕೊಂಡು ಬಂದರು. ಹಂಡೆಗಳು ಬಂದವು, ನೀರು ಬಂತು, ಬೆಂಚು ಬಂತು, ಬೆಂಕಿ ಹೊತ್ತಿತು. ಹಾಸಿಗೆ ಹಿಡಿದ ಇಬ್ಬರು ಮುದುಕರು ಮಂಚದ ಸಮೇತ ಬಂದಿಳಿದರು. ಕೆಳಬೀದಿಯಿಂದ "ನಮ್ಮಲ್ಲಿ ಎಲ್ಲರೂ ಇದ್ದೀವಿ" ಎಂದು ಕೂಗು, ಮೇಲುಬೀದಿಯಿಂದಲೂ ಕೂಗು. ಸ್ಮಶಾನದ ದಿಬ್ಬದ ಮೇಲೆ ಒಬ್ಬ ಫೋನು ಎತ್ತಿ ಕೈ ಬೀಸುತ್ತಿದ್ದ.

"ಇದನ್ನೆಲ್ಲ ಯಾರು ಕಲಿಸಿದ್ದು?" ಎಂದರು ತೆಲೆಮಾನ್, ಗಡಿಯಾರ ನಿಲ್ಲಿಸುವುದನ್ನು ಮರೆತು.

ಉತ್ತರ ಕೊಡುವ ಮೊದಲೇ ಗ್ಲಿಕೇರಿಯಾ ಅಜ್ಜಿ ಚಟ್ಟದ ಮುಂದೆ ನಿಂತು ಕೂದಲು ಬಿಚ್ಚಿದಳು. ಸತ್ತವರ ಮುಂದೆ ಸುಳ್ಳು ಹಾಡಬಾರದು ಎಂಬುದು ಅಲ್ಲಿನ ಕಟ್ಟಳೆ. ಅಜ್ಜಿ ಎದೆ ಬಡಿದುಕೊಂಡು ರಾಗ ಎತ್ತಿದಳು:

"ಎದ್ದು ನೋಡೋ ಪಿಂತಿಲಿಯೆ, ಎಲ್ಲಿಗ್ಹೊರಟೆಯೋ,
ನನ್ನ ಬೇಲಿ ಗೂಟ ಕಿತ್ತು ಕೊಡದೆ ಹೊರಟೆಯೋ!
ನೀನು ಕಟ್ಟಿದ ಪೀಪಾಯಿ ಸೋರಿ ಹೋಯಿತೋ,
ಮೂರು ಸುಗ್ಗಿ ದ್ರಾಕ್ಷಾರಸ ನೆಲವೆ ಕುಡಿಯಿತೋ!"

ಹೆಣದ ಮೀಸೆ ಅದುರಿತು. ಕಣ್ಣು ಮುಚ್ಚಿಕೊಂಡೇ ಅದು ಹೇಳಿತು: "ಸೋರಿದ್ದು ಪೀಪಾಯಿಯಲ್ಲ, ನಿನ್ನ ಗಂಡನ ಗಂಟಲು!"

ತೆಲೆಮಾನ್ ಬೆಚ್ಚಿದರು. "ಗಾಯಾಳು ಮಾತಾಡ್ತಿದ್ದಾರೆ!"

"ಪ್ರಜ್ಞೆ ಇದೆ ಅಂತ ಬರ್ಕೊಳ್ಳಿ ಸಾಹೇಬ್ರೇ" ಎಂದಳು ಅಗ್ಲಾಯಾ.

ಅಜ್ಜಿ ಬಿಡುವವಳಲ್ಲ. ಬೇಲಿಯಿಂದ ಹಂದಿಗೆ, ಹಂದಿಯಿಂದ ಸೀಳಿಹೋದ ಗಾಡಿಯ ಗಾಲಿಗೆ ಹಾಡು ನಡೆಯಿತು. ಹೆಂಗಸರು ಬಿಕ್ಕುತ್ತಲೇ ತಲೆವಸ್ತ್ರದಲ್ಲಿ ನಗು ಮುಚ್ಚಿಕೊಂಡರು. ಕೊನೆಯ ಸಾಲಿನಲ್ಲಿ ಮಾತ್ರ ಅಜ್ಜಿಯ ಸ್ವರ ತಗ್ಗಿತು: ದೊಡ್ಡ ಹಿಮದ ವರ್ಷ ಊರಿಗೆಲ್ಲ ಸೌದೆ ಸೀಳಿಕೊಟ್ಟವನು ನೀನೇ ಅಲ್ಲವೇನೋ ಎಂದು. ಆಗ ಹೆಣದ ಕಣ್ಣಂಚಿನಿಂದ ಒಂದು ಹನಿ ಕಿವಿಯ ಕಡೆ ಇಳಿಯಿತು.

ಸಾವಿನ ಮನೆಗೆ ಬಂದವರಿಗೆ ಏನನ್ನೂ ಕೊಡದೆ ಕಳಿಸುವುದಿಲ್ಲ. ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿದ ತಟ್ಟೆ ಸಾಹೇಬರ ಕೈಗೆ ಬಂತು, ಆ ಬೆಳಿಗ್ಗೆ ಹಿಂಡಿದ ಸಿಹಿ ದ್ರಾಕ್ಷಿರಸದ ಲೋಟ ಇನ್ನೊಂದು ಕೈಗೆ. ಸಾಹೇಬರು ಬೇಡವೆನ್ನಲಾಗದೆ ಒಂದು ದೊಡ್ಡ ಗುಟುಕು ಕುಡಿದರು. ಆ ಕಾಲದಲ್ಲಿ ಕುಟುಕುವ ಕಣಜದ ಹುಳಗಳು ಸಿಹಿ ಎಲ್ಲಿದೆ ಎಂದು ಅಲೆಯುತ್ತಿರುತ್ತವೆ. ಲೋಟದೊಳಗೆ ಒಂದಿತ್ತು.

ಸಾಹೇಬರು "ಆ!" ಎಂದರು. ಲೋಟ ಬಿತ್ತು. ನಾಲಿಗೆ ಹೊರಹಾಕಿ ಬೆರಳು ತೋರಿಸಿದರು. ಜನ ಮೊದಲು ನಕ್ಕರು. ಅಗ್ಲಾಯಾ ನಗಲಿಲ್ಲ. ಅವರ ತುಟಿ ದಪ್ಪವಾಗುತ್ತಿತ್ತು, ಕುತ್ತಿಗೆಯ ತುಂಬ ಕೆಂಪು ಗಂಧೆ ಏಳುತ್ತಿತ್ತು, ಉಸಿರಿನೊಳಗಿಂದ ಸೀಟಿಯಂಥ ಸದ್ದು ಬರುತ್ತಿತ್ತು. ಬೆಂಚಿನ ಮೇಲೆ ಕುಸಿದರು.

"ನನ್ನ ತುರ್ತು ಚೀಲ! ನನ್ನ ಚೀಲ ಎಲ್ಲಿ?"

ಊರಿಗೆಲ್ಲ ಚೀಲದ ಉಪದೇಶ ಮಾಡಿದವಳ ಚೀಲ ಎಲ್ಲೂ ಇರಲಿಲ್ಲ. ಉಪಕೇಂದ್ರಕ್ಕೆ ಒಬ್ಬ ಓಡಿದ, ಬೆಂಚಿನ ಕೆಳಗೆ ಒಬ್ಬಳು ಹುಡುಕಿದಳು. ಅಗ್ಲಾಯಾಳ ಕಣ್ಣು ಪಿಂತಿಲಿಯೆಯ ತಲೆಯ ಮೇಲೆ ಬಿತ್ತು. ತಲೆಯಡಿಯಿಂದ ಕೆಂಪು ಶಿಲುಬೆಯ ಮೂಲೆ ಇಣುಕುತ್ತಿತ್ತು.

"ಮಾಮ, ಏಳಿ! ತಲೆ ಎತ್ತಿ!"

ಹೆಣ ಅಲ್ಲಾಡಲಿಲ್ಲ. "ಏನೇ ಆದ್ರೂ ಏಳಬೇಡ ಅಂದೋಳು ನೀನೇ."

"ಈಗ ನಾನೇ ಹೇಳ್ತಿದ್ದೀನಿ!"

"ನನ್ನ ಪರೀಕ್ಷೆ ಮಾಡ್ತಿದ್ದೀಯಾ? ನಾನು ಮಾತು ತಪ್ಪೋನಲ್ಲ."

ಗ್ಲಿಕೇರಿಯಾ ಅಜ್ಜಿ ಚೀಲವನ್ನು ಒಂದೇ ಏಟಿಗೆ ಎಳೆದಳು. ಪಿಂತಿಲಿಯೆಯ ತಲೆ ಹಲಗೆಗೆ ಢಣ್ಣೆಂದಿತು. ಅವನು ಬೈದ ಬೈಗುಳ ಬದುಕಿದ್ದವರದೇ.

ಅಗ್ಲಾಯಾ ಪ್ಯಾಂಟಿನ ಬಟ್ಟೆಯ ಮೇಲಿಂದಲೇ ಸಾ‍ಹೇಬರ ತೊಡೆಗೆ ಅಡ್ರಿನಲಿನ್ ಚುಚ್ಚಿದಳು. ಬೆನ್ನಿಗೆ ಕಂಬಳಿ ಒತ್ತಿ ಒರಗಿಸಿ ಕೂರಿಸಿದಳು. ದಿಬ್ಬದ ಕಡೆ ತಿರುಗಿ "ಆಂಬುಲೆನ್ಸ್!" ಎಂದು ಕೂಗಿದಳು.

"ಆಗಲೇ ಹೊರಟಿದೆ!" ಎಂದು ಫೋನಿನವನು ಸ್ಮಶಾನದಿಂದ ಕೂಗಿದ. ಸಾಹೇಬರು ಕುಸಿದದ್ದನ್ನು ಮೇಲಿನಿಂದ ನೋಡಿ ಅವನೇ ಹೇಳಿಬಿಟ್ಟಿದ್ದ. ಅಷ್ಟರಲ್ಲಿ ಗ್ಲಿಕೇರಿಯಾ ಅಜ್ಜಿ ತನ್ನ ಕೆಲಸ ಮಾಡಿ ಮುಗಿಸಿದ್ದಳು. ತೆಲೆಮಾನ್ ಕಣ್ಣು ಬಿಟ್ಟು ನೋಡಿದರೆ ತಮ್ಮ ಮುಷ್ಟಿಯಲ್ಲಿ ಉರಿಯುವ ಮೇಣದಬತ್ತಿ! ಸಾಯುವವರ ಕೈಗೆ ಕೊಡುವ ಮೇಣದಬತ್ತಿ ಎಂದು ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಸಾಹೇಬರಿಗೂ ಅಜ್ಜಿಯರಿದ್ದರಲ್ಲ. ಗಂಟಲಿನಿಂದ ಹೊರಡದ ಕೂಗನ್ನು ಕಣ್ಣಿನಿಂದಲೇ ಕೂಗಿದರು.

"ಅಜ್ಜಿ, ಆರಿಸಿ ಅದನ್ನ!"

"ಬೆಳಕಿಲ್ದೆ ಹೋದ್ರೆ ಆ ಲೋಕದಲ್ಲಿ ತಡಕಾಡ್ತಾನೆ ಪಾಪ."

"ಅವರು ಎಲ್ಲಿಗೂ ಹೋಗ್ತಿಲ್ಲ!"

"ಹೋಗದಿದ್ರೆ ವಾಪಸ್ ತಗೋತೀನಿ. ನೀನೇ ಅಲ್ವಾ ಹೇಳಿದ್ದು, ಎಲ್ಲಾ ಮುಂಚೇನೇ ತಯಾರಿರಬೇಕು ಅಂತ?"

ಔಷಧಿಯ ಜೊತೆ ಆ ಮೇಣದಬತ್ತಿಯೂ ಕೆಲಸ ಮಾಡಿತೋ ಏನೋ, ಅಂತೂ ಉಸಿರಿನ ಸೀಟಿ ನಿಧಾನಕ್ಕೆ ಇಳಿಯಿತು. ಆಂಬುಲೆನ್ಸ್ ಬರುವುದು ಸೇತುವೆಯವರೆಗೆ ಮಾತ್ರ. ಬೀದಿಯ ತುಂಬ ಸಾವಿನ ಊಟದ ಮೇಜುಗಳಿದ್ದವು. ಹೊರುವವರು ತೋಳಿಗೆ ಟವೆಲು ಕಟ್ಟಿಕೊಂಡೇ ಬಂದಿದ್ದರು. ಪಿಂತಿಲಿಯೆಯನ್ನು ಇಳಿಸಿ ಸಾಹೇಬರನ್ನು ಅದೇ ಚಟ್ಟದ ಮೇಲೆ ಒರಗಿಸಿ ಕೂರಿಸಿ, ಒಂದು ಕುಲುಕಾಟವಿಲ್ಲದೆ, ನೀರು ತುಂಬಿದ ಬಟ್ಟಲನ್ನು ಒಯ್ಯುವಂತೆ ಒಯ್ದರು. ಎಷ್ಟು ತಲೆಮಾರಿನ ಅಭ್ಯಾಸ! ಹಿಂದೆ ಇಡೀ ಊರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಡೆಯಿತು, ಕಾಲಿಗೆ ಗೊತ್ತಿದ್ದ ನಡಿಗೆ ಅದೊಂದೇ.

ಸೇತುವೆಯ ಬಳಿ ಸಾಹೇಬರನ್ನು ಗಾಡಿಗೆ ಏರಿಸಿದರು. ಬಾಗಿಲು ಮುಚ್ಚುವ ಹೊತ್ತಿಗೆ ಗ್ಲಿಕೇರಿಯಾ ಅಜ್ಜಿ ಅಡ್ಡ ನಿಂತಳು.

"ಒಂದು ಮಾತು ಸಾಹೇಬ್ರೇ. ನಮ್ಮ ಸೋರಾನ ಕೆಳಗೆ ಕರ್ಕೊಂಡು ಹೋಗ್ತೀರೋ, ಇಲ್ಲೇ ಬಿಡ್ತೀರೋ? ನಾಲಿಗೆ ಊದಿದೆ, ಗೊತ್ತು. ಬಿಡ್ತೀನಿ ಅಂದ್ರೆ ನನ್ನ ಕೈ ಒಂದು ಸಲ ಹಿಂಡಿ ಸಾಕು."

ಊರಿಡೀ ಕತ್ತು ಚಾಚಿತು. ಸಾಹೇಬರ ಕೈ ಅಜ್ಜಿಯ ಕೈಯಲ್ಲಿತ್ತು. ಕೇಳಲಿ, ಇದೊಂದು ಸಲ ಕೇಳಿಬಿಡಲಿ ಎಂದು ಅಗ್ಲಾಯಾಳ ಒಂದು ಮನಸ್ಸು. ಅಷ್ಟರಲ್ಲಿ ಸಾಹೇಬರ ತುಟಿ ಬಿಳಿಚಿದ್ದು ಕಾಣಿಸಿತು.

"ಪಕ್ಕಕ್ಕೆ ಸರಿಯಿರಿ!" ಎಂದು ಅವಳು ಗದರಿದ ಗದರಿಕೆಗೆ ಡ್ರೈವರೂ ನೆಟ್ಟಗಾದ. "ಉಸಿರಾಡೋಕೆ ಒದ್ದಾಡ್ತಿರೋರನ್ನ ಹಿಡ್ಕೊಂಡು ಪಂಚಾಯ್ತಿ ಮಾಡ್ತೀರಾ? ಅವರು ನನ್ನ ರೋಗಿ!"

ಅಜ್ಜಿಯ ಕೈ ಬಿಡಿಸಿದಳು, ತಾನೂ ಹತ್ತಿದಳು, ಬಾಗಿಲು ಎಳೆದುಕೊಂಡಳು. ಆಸ್ಪತ್ರೆ ಮುಟ್ಟುವವರೆಗೆ ನಾಡಿ ಹಿಡಿದೇ ಕೂತಳು, ಉಪಕೇಂದ್ರದ ಸುದ್ದಿ ಎತ್ತಲಿಲ್ಲ.

ಆಮೇಲೆ ಒಂದು ವಾರ ಸುದ್ದಿಯಿಲ್ಲ. ಊರಿನವರು ಅವಳನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ಮದುವೆಯೊಂದರಲ್ಲಿ ಯಾರೂ ಹಂದಿಮಾಂಸವನ್ನು ಅಡಗಿಸಲಿಲ್ಲ, ಅವಳೂ ಯಾರ ತೋಳನ್ನೂ ಕೇಳಲಿಲ್ಲ. ಅದನ್ನು ಕಂಡು ಜನರಿಗೆ ಗಂಟಲಿನಲ್ಲಿ ಮಾಂಸ ಇಳಿಯಲಿಲ್ಲ. ಪಿಂತಿಲಿಯೆ ಮಾತ್ರ ತಲೆಯ ಬುಗುಟು ತೋರಿಸುತ್ತ ಮನೆ ಮನೆಗೆ ಹೋಗಿ, ಗ್ಲಿಕೇರಿಯಾ ಹಾಡಿದ ಸೌದೆಯ ಸಾಲನ್ನು ಎಲ್ಲರಿಂದಲೂ ಮತ್ತೊಮ್ಮೆ ಹೇಳಿಸಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಅಗ್ಲಾಯಾಳ ಫೋನಿನಲ್ಲಿ ಕಚೇರಿಯ ನಂಬರು ಮಿಂಚಿ ಮಾಯವಾಯಿತು. ಅವಳು ದಿಬ್ಬ ಹತ್ತಿ ಸ್ಮಶಾನಕ್ಕೆ ಓಡಿದಳು, ಅಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಗ್ಲಿಕೇರಿಯಾ ಅಜ್ಜಿ ಗಂಡನ ಸಮಾಧಿಯ ಕಳೆ ಕೀಳುತ್ತಿದ್ದಳು, ಪಕ್ಕದ ಚರ್ಚಿನ ಗಂಟೆಯವನು ಗೋಪುರದ ಕೆಳಗಿನ ಬೆಂಚಿನಲ್ಲಿ ಬಿಸಿಲು ಕಾಯಿಸುತ್ತಿದ್ದ.

"ಅಗ್ಲಾಯಾ ಅವರೇ," ಎಂದಿತು ತೆಲೆಮಾನ್ ಸಾಹೇಬರ ದನಿ, ಇನ್ನೂ ಕೊಂಚ ದಪ್ಪ. "ನಿಮ್ಮ ಪ್ರದರ್ಶನದಲ್ಲಿ ನಿಯಮದ ಪ್ರಕಾರ ಒಂದೂ ಸರಿ ಇರ್ಲಿಲ್ಲ. ಸೈರನ್ ಇಲ್ಲ. ಚೀಲ ಇಲ್ಲ. ಗಾಯಾಳು ಬೈತಾನೆ. ನನ್ನ ಕೈಗೆ ಬೆಂಕಿ ಕೊಟ್ರು."

"ಹೌದು ಸಾಹೇಬ್ರೇ."

"ಆದ್ರೆ ನೀವು ಪ್ರುನಿಶ್‌ನಲ್ಲಿ ಇದ್ದಿದ್ರೆ ನಾನು ಇವತ್ತು ಫೋನ್ ಮಾಡ್ತಿರ್ಲಿಲ್ಲ. ಉಪಕೇಂದ್ರ ಮುಚ್ಚಲ್ಲ. ನಾನೇ ಜಗಳ ಆಡಿ ಒಪ್ಪಿಸಿದ್ದೀನಿ. ನೀವು ಅಲ್ಲೇ ಇರ್ತೀರಿ."

ಅಗ್ಲಾಯಾ ಫೋನು ಎದೆಗೆ ಒತ್ತಿಕೊಂಡು ಹುಲ್ಲಿನ ಮೇಲೆ ಕುಸಿದು, ಇಷ್ಟು ದಿನ ಹಿಡಿದಿಟ್ಟದ್ದನ್ನೆಲ್ಲ ಬಿಟ್ಟು ಗೊಳೋ ಎಂದು ಅತ್ತಳು. ಅಜ್ಜಿ ಮಣ್ಣಿನ ಕೈಯಲ್ಲೇ ಓಡಿ ಬಂದಳು.

"ಏನಾಯ್ತೇ? ಕರ್ಕೊಂಡು ಹೋಗ್ತಾರಂತಾ?"

ಅಗ್ಲಾಯಾ ಇಲ್ಲವೆಂದು ತಲೆ ಅಲ್ಲಾಡಿಸಿದಳು, ಮತ್ತೂ ಜೋರಾಗಿ ಅತ್ತಳು. ಅಜ್ಜಿಗೆ ಅರ್ಥವಾಯಿತು. ತಾನೂ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು, ತನ್ನ ಕಣ್ಣನ್ನೂ ಮೊಣಕೈಯಿಂದ ಒರೆಸಿಕೊಂಡಳು. ಆಮೇಲೆ ಗೋಪುರದ ಕಡೆ ನೋಡಿ ಗಾಬರಿಯಾಗಿ ಅವಳ ಬಾಯಿ ಮುಚ್ಚಿದಳು.

"ಸಾಕು, ಸಾಕು ಮಾಡೇ! ಗಂಟೆಯವನು ನೋಡ್ತಿದ್ದಾನೆ. ಯಾರೋ ಸತ್ತರು ಅಂದ್ಕೊಂಡು ಹಗ್ಗಕ್ಕೆ ಕೈ ಹಾಕ್ತಾನೆ."

ಅವನು ಆಗಲೇ ಬೆಂಚಿನಿಂದ ಎದ್ದಿದ್ದ.